ಯಂತ್ರ ಪ್ರಶ್ನೋತ್ತರ: ರೋಟರಿ ಎಂಜಿನ್ನಿನ ಇಗ್ನಿಷನ್ ಟೈಮಿಂಗ್

ಪ್ರಶ್ನೆ: ನಾನು ಉಪ್ಪಳದವನು. ಶಾರ್ಜಾದ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಆಗಿದ್ದು, ರಜೆಯಲ್ಲಿ ಊರಿಗೆ ಬಂದಿದ್ದೇನೆ. ಅಲ್ಲಿ ಎರಡನೆಯ ತಲೆಮಾರಿನ ಮಾಜ್ದಾ ಆರ್‌ಎಕ್ಸ್-7 ಕಾರಿನ 13ಬಿ ಟರ್ಬೊ ಎಂಜಿನ್ನಿಗೆ ಮೂಲ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ತೆಗೆದು, ಲ್ಯಾಪ್‌ಟಾಪಿನಿಂದ ಹೊಂದಿಸಬಹುದಾದ ಬೇರೆ ಇಸಿಯು ಜೋಡಿಸಿದ್ದೇವೆ. ಬೂಸ್ಟ್‌ನಲ್ಲಿ (ಟರ್ಬೊ ಗಾಳಿಯನ್ನು ಒತ್ತಿ ತುಂಬುವಾಗ) 15 ಡಿಗ್ರಿ ಅಡ್ವಾನ್ಸ್ (ಕಿಡಿ ಮುಂಚಿತವಾಗಿ ಹಾರುವ ಕೋನ) ಎಂದು ತೋರಿಸುತ್ತಿದ್ದರೂ ಎಳೆತ ಸಾಲದು, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಂಪಗಾಗುತ್ತದೆ. ಅಡ್ವಾನ್ಸ್ ಇನ್ನೂ ಹೆಚ್ಚಿಸಬಹುದೇ? ಎರಡು ಪ್ಲಗ್ಗುಗಳಲ್ಲಿ ನಂತರ ಕಿಡಿ ಕೊಡುವ ಟ್ರೇಲಿಂಗ್ ಪ್ಲಗ್ಗಿಗೆ ಎಷ್ಟು ಕೊಡಬೇಕು?

ಉತ್ತರ: ಸದ್ಯಕ್ಕೆ ಒಂದು ಡಿಗ್ರಿಯನ್ನೂ ಹೆಚ್ಚಿಸಬೇಡಿ. ಲ್ಯಾಪ್‌ಟಾಪಿನ ಅಂಕೆ ಇಸಿಯುವಿನ ಲೆಕ್ಕವಷ್ಟೇ. ಕಿಡಿ ನಿಜವಾಗಿ ಯಾವಾಗ ಹಾರಿತೆಂಬುದನ್ನು ಪುಲ್ಲಿಯ ಗುರುತು ಮಾತ್ರ ಹೇಳುತ್ತದೆ. ನೀವು ಬರೆದ ಎರಡೂ ಲಕ್ಷಣಗಳು, ಮಿಶ್ರಣ ಸರಿಯಿದೆ ಎಂದಾದರೆ, ಕಿಡಿಯು ಲೆಕ್ಕಕ್ಕಿಂತ ತಡವಾಗಿ ಹಾರುತ್ತಿರುವುದನ್ನು ಸೂಚಿಸುತ್ತವೆ. ಉರಿ ತಡವಾಗಿ ಮುಗಿದಾಗ ರೋಟರನ್ನು (ಪಿಸ್ಟನ್ನಿನ ಬದಲು ಸುತ್ತುವ ಮುಕ್ಕೋನ ಭಾಗವನ್ನು) ತಳ್ಳಬೇಕಾದ ಶಾಖ ಎಕ್ಸಾಸ್ಟಿನ ಮೂಲಕ ಹೊರಟುಹೋಗುತ್ತದೆ.

ನಿಮ್ಮ ಎಂಜಿನ್ನಿನ ಮುಂದಿನ ಪುಲ್ಲಿಯಲ್ಲಿ ಎರಡು ಗುರುತುಗಳಿವೆ. ಹಳದಿಯದು ಮೊದಲು ಕಿಡಿ ಕೊಡುವ ಲೀಡಿಂಗ್ ಪ್ಲಗ್ಗಿನದು, ಟಿಡಿಸಿ (ಮಿಶ್ರಣ ಅತಿ ಹೆಚ್ಚು ಒತ್ತಲ್ಪಡುವ ಸ್ಥಾನ) ದಾಟಿ 5 ಡಿಗ್ರಿ. ಕೆಂಪಿನದು ಟ್ರೇಲಿಂಗ್ ಪ್ಲಗ್ಗಿನದು, ಟಿಡಿಸಿ ದಾಟಿ 20 ಡಿಗ್ರಿ. ಇಸಿಯುವಿನಲ್ಲಿ ಲೀಡಿಂಗ್ ಟೈಮಿಂಗನ್ನು ಮೈನಸ್ 5ಕ್ಕೆ ಹಾಗೂ ಎರಡು ಕಿಡಿಗಳ ನಡುವಿನ ಅಂತರವನ್ನು, ಅಂದರೆ ಸ್ಪ್ಲಿಟನ್ನು, 15ಕ್ಕೆ ಲಾಕ್ ಮಾಡಿ, ಟೈಮಿಂಗ್ ಲೈಟಿನ (ಕಿಡಿ ಹಾರಿದಾಗಲೆಲ್ಲ ಮಿಂಚುವ ದೀಪದ) ಕ್ಲಾಂಪನ್ನು ಮುಂದಿನ ರೋಟರಿನ ಲೀಡಿಂಗ್ ವಯರಿಗೆ ಹಾಕಿ, ಹಳದಿ ಗುರುತು ಎಂಜಿನ್ನಿನ ಮೇಲಿನ ಪಿನ್ನಿನ ನೇರಕ್ಕೆ ಬರುವವರೆಗೆ, ಶಾಫ್ಟಿನ ಸ್ಥಾನವನ್ನು ಇಸಿಯುವಿಗೆ ತಿಳಿಸುವ ಕ್ರ್ಯಾಂಕ್ ಆಂಗಲ್ ಸೆನ್ಸರನ್ನು ತಿರುಗಿಸಿ ಬಿಗಿ ಮಾಡಿ. ಆಮೇಲೆ ಕ್ಲಾಂಪನ್ನು ಟ್ರೇಲಿಂಗ್ ವಯರಿಗೆ ಬದಲಿಸಿದಾಗ ಕೆಂಪು ಗುರುತು ಅಲ್ಲಿಯೇ ನಿಲ್ಲಬೇಕು. ಲೀಡಿಂಗ್ ಕಾಯಿಲ್ ಎರಡೂ ರೋಟರುಗಳಿಗೆ ಒಟ್ಟಿಗೆ ಕಿಡಿ ಕೊಡುವುದರಿಂದ ಲೈಟು ಶಾಫ್ಟಿನ ಪ್ರತಿ ಸುತ್ತಿಗೆ ಎರಡು ಸಲ ಮಿಂಚುತ್ತದೆ, ಗುರುತು ಎದುರು ಬದಿಯಲ್ಲಿಯೂ ಕಾಣಬಹುದು; ಗಾಬರಿ ಬೇಡ. ಡಯಲ್ ಇರುವ ಲೈಟಾದರೆ ಅದನ್ನು ಸೊನ್ನೆಗೆ ಇಡುವುದು ಕ್ಷೇಮ.

ಹೆಚ್ಚಿನವರು ಇಲ್ಲಿಗೇ ಕೈತೊಳೆದುಕೊಳ್ಳುತ್ತಾರೆ. ಟೈಮಿಂಗ್ ಲಾಕ್ ಆಗಿರುವಾಗಲೇ ಎಂಜಿನ್ನನ್ನು 4000 ಆರ್‌ಪಿಎಂವರೆಗೆ ಏರಿಸಿ ನೋಡಿ. ಗುರುತು ಜಾರುತ್ತಿದ್ದರೆ ಸೆನ್ಸರಿನ ಎರಡು ವಯರುಗಳು ಅದಲುಬದಲಾಗಿರಬಹುದು, ಅಥವಾ ಸಿಗ್ನಲ್ಲಿನ ಏರು ಅಂಚು-ಇಳಿ ಅಂಚುಗಳ ಆಯ್ಕೆ ತಪ್ಪಿರಬಹುದು. ಇಂಥ ದೋಷ ಐಡಲಿನಲ್ಲಿ ಕಾಣುವುದೇ ಇಲ್ಲ, ವೇಗ ಏರಿದಂತೆ ಬೆಳೆಯುತ್ತದೆ. ಅದನ್ನು ಮ್ಯಾಪಿನ (ಇಸಿಯುವಿನ ಟೈಮಿಂಗ್ ಕೋಷ್ಟಕದ) ಅಂಕೆ ಹೆಚ್ಚಿಸಿ ಮುಚ್ಚಿದರೆ, ಮುಂದೊಂದು ದಿನ ಯಾರಾದರೂ ವಯರು ಸರಿಪಡಿಸಿದಾಗ ಕಿಡಿ ತೀರಾ ಮುಂಚೆ ಹಾರಿ ಎಂಜಿನ್ ನಾಕ್ ಆಗುತ್ತದೆ (ಮಿಶ್ರಣ ತಾನಾಗಿಯೇ ಸಿಡಿಯುತ್ತದೆ).

ಬೂಸ್ಟ್‌ನಲ್ಲಿ ಸ್ಪ್ಲಿಟನ್ನು 10ರಿಂದ 15 ಡಿಗ್ರಿಯೊಳಗೆ ಇಡುವುದು ವಾಡಿಕೆ. ನನ್ನ ಮತ 15ರ ಕಡೆಗೇ. ಅದನ್ನು ಸೊನ್ನೆಗೆ ತರುವ ಪ್ರಯೋಗ ಟರ್ಬೊ ಎಂಜಿನ್ನಿನಲ್ಲಿ ಬೇಡವೇ ಬೇಡ. ಪಿಸ್ಟನ್ ಎಂಜಿನ್ನಿನ ಅನುಭವವನ್ನು ಇಲ್ಲಿಗೆ ತರುವುದೂ ಸರಿಯಲ್ಲ. ಅಲ್ಲಿ ಒಂದು ಸ್ಟ್ರೋಕ್ ಶಾಫ್ಟಿನ 180 ಡಿಗ್ರಿಯಲ್ಲಿ ಮುಗಿದರೆ ಇಲ್ಲಿ 270 ಡಿಗ್ರಿ ಹಿಡಿಯುತ್ತದೆ. ಉರಿಯುವ ಜಾಗದ ಗಾತ್ರ ನಿಧಾನವಾಗಿ ಬದಲಾಗುವುದರಿಂದ ಒಂದೆರಡು ಡಿಗ್ರಿ ಅಡ್ವಾನ್ಸಿನಿಂದ ದೊರೆಯುವ ಬಲ ಅಲ್ಪ, ನಷ್ಟವೋ ಬಹಳ ದೊಡ್ಡದು: ಒಂದೇ ನಾಕ್‌ಗೆ ರೋಟರಿನ ಮೂಲೆಯ ಎಪೆಕ್ಸ್ ಸೀಲ್ ಮುರಿಯಬಹುದು, ಅದರ ಚೂರು ಎಕ್ಸಾಸ್ಟಿನಲ್ಲಿ ಹೊರಬಿದ್ದು ಟರ್ಬೊದ ಟರ್ಬೈನನ್ನೂ ಕೆಡಿಸಬಹುದು. ಬೇಸಿಗೆಯ ಬಿಸಿಗಾಳಿಗೆ ಟೈಮಿಂಗ್ ಹಿಂದಕ್ಕೆ ಸರಿಯುವಂತೆ ಗಾಳಿಯ ಉಷ್ಣತೆಯ ತಿದ್ದುಪಡಿಯನ್ನು ಮರೆಯದೆ ತುಂಬಿಸಿ. ಅಲ್ಲಿನ 98 ಆಕ್ಟೇನ್ ಪೆಟ್ರೋಲಿಗೆ ಮಾಡಿದ ಮ್ಯಾಪನ್ನು 95ರಲ್ಲಿ ಓಡಿಸಬೇಡಿ. ಪ್ಲಗ್ಗುಗಳನ್ನೂ ಒಮ್ಮೆ ಬಿಚ್ಚಿ ನೋಡಿ: ಈ ಎಂಜಿನ್ನಿನ ಮೂಲ ಎನ್‌ಜಿಕೆ ಪ್ಲಗ್ಗುಗಳಲ್ಲಿ ಲೀಡಿಂಗ್‌ನದು 7, ಟ್ರೇಲಿಂಗ್‌ನದು 9 ಹೀಟ್ ರೇಂಜ್ (ಪ್ಲಗ್ ಶಾಖ ಬಿಟ್ಟುಕೊಡುವ ಸಾಮರ್ಥ್ಯದ ಅಂಕೆ).

ಪ್ರಶ್ನೆ: ರೋಟರಿಗೆ ಎರಡು ಪ್ಲಗ್ ಏಕೆ? ಒಂದು ಕೆಟ್ಟರೆ ಎಂಜಿನ್ ನಿಲ್ಲುತ್ತದೆಯೇ? (ಐಟಿಐ ವಿದ್ಯಾರ್ಥಿನಿ, ಹೊಸೂರು)

ಉತ್ತರ: ದಹನದ ಜಾಗ ಉದ್ದವಾಗಿ, ಚಪ್ಪಟೆಯಾಗಿ ಇದ್ದು, ರೋಟರಿನೊಂದಿಗೆ ತಾನೂ ಸರಿಯುತ್ತಿರುತ್ತದೆ, ಒಂದೇ ಕಿಡಿಯ ಜ್ವಾಲೆ ಹಿಂದಿನ ತುದಿಯವರೆಗೆ ಚೆನ್ನಾಗಿ ಹರಡುವುದಿಲ್ಲ. ಮುಖ್ಯ ಕೆಲಸ ಲೀಡಿಂಗ್ ಪ್ಲಗ್ಗಿನದು. ಟ್ರೇಲಿಂಗ್ ಕೆಟ್ಟರೂ ಎಂಜಿನ್ ಓಡುತ್ತದೆ, ಬಲ ಸ್ವಲ್ಪ ಇಳಿಯುತ್ತದೆ, ಪೆಟ್ರೋಲ್ ಹೆಚ್ಚು ಸುಡುತ್ತದೆ. ಲೀಡಿಂಗ್ ಕೆಟ್ಟರೆ ಮಾತ್ರ ಸ್ಟಾರ್ಟ್ ಮಾಡುವುದೇ ಕಷ್ಟವಾಗುತ್ತದೆ.