ಅಣಬೆಗೂ ಗಂಡು ಹೆಣ್ಣು ಇದೆಯೇ?

ಪ್ರಶ್ನೆ: ಭತ್ತದ ಹುಲ್ಲಿನಲ್ಲಿ ಚಿಪ್ಪು ಅಣಬೆ ಬೆಳೆಯುತ್ತೇನೆ. ಒಳ್ಳೆಯದೊಂದು ಅಣಬೆಯನ್ನು ಕಾಗದದ ಮೇಲೆ ಬೋರಲು ಹಾಕಿ, ಉದುರಿದ ಪುಡಿಯಿಂದ ಬೀಜ ಮಾಡಿದೆ. ಬೆಳೆದ ಅಣಬೆ ಚೀಲದಿಂದ ಚೀಲಕ್ಕೆ ಬೇರೆಯಾಗಿತ್ತು, ತಾಯಿಯಂತೆ ಯಾವುದೂ ಇರಲಿಲ್ಲ. ಏಕೆ? ಅಣಬೆಗೂ ಗಂಡು ಹೆಣ್ಣು ಇದೆಯೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಗಂಡು ಹೆಣ್ಣೆಂಬ ಭೇದ ಅಣಬೆಗಿಲ್ಲ, ಆದರೆ ಯಾವುದು ಯಾವುದರೊಡನೆ ಕೂಡಬಹುದೆಂಬ ಕಟ್ಟುಪಾಡು ಬಲು ಬಿಗಿಯಾಗಿದೆ. ತಮ್ಮ ಕಾಗದದ ಮೇಲೆ ಬಿದ್ದ ಬಿಳಿಚು ಪುಡಿಯ ಒಂದೊಂದು ಕಣವೂ ಒಂದು ಬೀಜಕ. ಅದು ಮೊಳೆತು ನೂಲಿನಂತೆ ಹಬ್ಬುತ್ತದೆ, ಆದರೆ ತನಗೆ ಒಗ್ಗುವ ಇನ್ನೊಂದು ನೂಲು ಸಿಕ್ಕಿ ಬೆಸೆದುಕೊಳ್ಳುವವರೆಗೆ ಸಾಮಾನ್ಯವಾಗಿ ಅಣಬೆ ಬಿಡುವುದಿಲ್ಲ. ಬೆಸೆದ ಮೇಲೂ ಎರಡರ ಕೋಶಕೇಂದ್ರಗಳು ಒಂದಾಗದೆ ಪ್ರತಿ ಕೋಶದಲ್ಲೂ ಜೋಡಿಯಾಗಿಯೇ ಬಾಳುತ್ತವೆ, ಮತ್ತು ಈ ಸಹಬಾಳ್ವೆ ಬಹುಕಾಲ ನಡೆಯುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಅವು ಒಂದಾಗುವುದು ಅಣಬೆಯ ಅಡಿಯ ತೆಳು ಹಾಳೆಗಳ ಮೇಲಿನ ಕೋಶಗಳಲ್ಲಿ ಮಾತ್ರ. ಒಂದಾದ ಬೆನ್ನಲ್ಲೇ ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡು ಮತ್ತೆ ಬೇರೆಯಾಗುತ್ತವೆ, ಅಂತಹ ಒಂದೊಂದು ಕೋಶದಿಂದ ನಾಲ್ಕು ಬೀಜಕಗಳು ಹೊರಬರುತ್ತವೆ. ಹೀಗಾಗಿ ಒಂದೇ ಅಣಬೆಯ ಬೀಜಕಗಳೂ ಒಂದರಂತೆ ಇನ್ನೊಂದಿರುವುದಿಲ್ಲ. ತಮ್ಮ ಚೀಲಗಳು ಬೇರೆಬೇರೆಯಾದದ್ದು ಈ ಕಾರಣಕ್ಕೆ.

ಒಗ್ಗುವುದನ್ನು ತೀರ್ಮಾನಿಸುವುದು ಎ ಮತ್ತು ಬಿ ಎಂಬ ಎರಡು ವಂಶವಾಹಿ ತಾಣಗಳು. ಈ ಎರಡು ತಾಣಗಳಲ್ಲೂ ಒಂದು ನೂಲು ಇನ್ನೊಂದಕ್ಕಿಂತ ಭಿನ್ನವಾಗಿದ್ದರೆ ಮಾತ್ರ ಕೂಡಿಕೆ ಪೂರ್ಣವಾಗುತ್ತದೆ. ಒಂದೇ ಅಣಬೆಯಿಂದ ಕೂಡಿಕೆಯ ಮಟ್ಟಿಗೆ ನಾಲ್ಕು ಬಗೆಯ ಬೀಜಕಗಳು ಬರುವುದರಿಂದ ಒಡಹುಟ್ಟುಗಳ ನಡುವೆ ಜೋಡಿ ಕೂಡುವ ಅವಕಾಶ ನಾಲ್ಕರಲ್ಲಿ ಒಂದು ಮಾತ್ರ, ಆದರೆ ದೂರದಿಂದ ತೇಲಿ ಬಂದ ಬೀಜಕದೊಡನೆ ಬಹುಪಾಲು ಹೊಂದಿಕೆಯಾಗುತ್ತದೆ. ನಿಮ್ಮ ಕಡೆಯ ಕಾಫಿ ತೋಟಗಳಲ್ಲಿ ಒಣಕೊಂಬೆಗಳ ಮೇಲೆ ಬೆಳ್ಳಗೆ, ಬೀಸಣಿಗೆಯಾಕಾರದಲ್ಲಿ, ಉಗುರಿನಷ್ಟಗಲ ಮೂಡುವ ಅಣಬೆಯೊಂದನ್ನು ತಾವು ನೋಡಿರಬಹುದು. ಮಗುಚಿ ನೋಡಿದರೆ ಅದರ ಹಾಳೆಗಳು ಉದ್ದಕ್ಕೆ ಸೀಳಿರುತ್ತವೆ. ಬಿಸಿಲಿಗೆ ಮುದುಡಿ, ಮಳೆ ಬಿದ್ದೊಡನೆ ಅರಳುತ್ತವೆ. ಸ್ಕಿಜೋಫಿಲಂ ಕಮ್ಯೂನ್ ಎಂಬ ಈ ಜಾತಿಯಲ್ಲಿ ಕೂಡಿಕೆಯ ಬಗೆಗಳು 20,000ಕ್ಕೂ ಹೆಚ್ಚು.

ಎಲ್ಲ ಅಣಬೆಗಳೂ ಹೀಗಲ್ಲ. ಗುಂಡಿ ಅಣಬೆಯಲ್ಲಿ (ಬಟನ್ ಮಶ್ರೂಮ್) ಸಾಮಾನ್ಯವಾಗಿ ಹಾಳೆಯ ಮೇಲಿನ ಒಂದೊಂದು ಕೋಶಕ್ಕೆ ಎರಡೇ ಬೀಜಕಗಳಾಗಿ, ಒಂದೊಂದರಲ್ಲೂ ಒಗ್ಗುವ ಎರಡು ಕೋಶಕೇಂದ್ರಗಳು ಮೊದಲೇ ಸೇರಿರುವುದರಿಂದ ಒಂಟಿ ಬೀಜಕವೇ ಫಲ ಕೊಡಬಲ್ಲದು.

ತಾಯಿಯಂತಹುದೇ ಬೇಕಿದ್ದರೆ ಪುಡಿಯನ್ನು ಬಳಸಬೇಡಿ. ಎಳೆಯ ಅಣಬೆಯನ್ನು ಸೀಳಿ, ಗಾಳಿ ತಾಗದ ಒಳತಿರುಳಿನ ಚಿಕ್ಕ ತುಣುಕನ್ನು ಶುಚಿಯಾಗಿ ಅಗಾರ್ (ಶಿಲೀಂಧ್ರ ಬೆಳೆಸಲು ಬಳಸುವ ಲೋಳೆಯಂತಹ ಮಾಧ್ಯಮ) ಮೇಲೆ ಇಟ್ಟರೆ, ಅದೇ ಕೋಶಕೇಂದ್ರಗಳ ಜೋಡಿ ಹಾಗೆಯೇ ಮುಂದುವರಿಯುತ್ತದೆ. ಈಗ ಬಂದಿರುವ ಚೀಲಗಳಲ್ಲಿ ತಾಯಿಗಿಂತ ಚೆನ್ನಾದದ್ದು ಒಂದಾದರೂ ಇದ್ದರೆ, ಕೊಯ್ದು ಮುಗಿಸುವ ಮೊದಲು ಅದರ ತುಣುಕನ್ನು ಎತ್ತಿಟ್ಟುಕೊಳ್ಳಿ.