ಮಂಜು ಬೂದಿಯಾಯಿತು, ಕಲ್ಲು ಬಿಳಿಚಿಕೊಂಡಿತು: ತಪ್ಪು ಕ್ಯಾಮೆರಾದ್ದೇ?

ಪ್ರಶ್ನೆ: ಸರ್, ಆರು ತಿಂಗಳ ಹಿಂದೆ ಡಿಎಸ್‌ಎಲ್‌ಆರ್ ಕೊಂಡೆ. ಅದರ ಜೊತೆ ಬಂದ 18-55 ಲೆನ್ಸ್ ಒಂದೇ ಇದೆ. ಮುಳ್ಳಯ್ಯನಗಿರಿಯಲ್ಲಿ ತೆಗೆದ ಮಂಜು ಹಾಲಿನಂತೆ ಕಾಣದೆ ಕೊಳೆನೀರಿನ ಬಣ್ಣಕ್ಕೆ ತಿರುಗಿದೆ. ಹಳೇಬೀಡಿನ ಗೋಡೆಯ ಆನೆಸಾಲನ್ನು ಹತ್ತಿರದಿಂದ ತೆಗೆದರೆ ಕಪ್ಪು ಕಲ್ಲು ಸಿಮೆಂಟಿನಂತೆ ಬಿಳಿಚಿಕೊಂಡಿದೆ. ಬೇಲೂರಿನ ಗುಡಿಯೊಳಗಿನ ಕಂಬಗಳಂತೂ ಎಲ್ಲವೂ ಅಲುಗಾಡಿದ ಹಾಗೆ ಬಂದಿವೆ. ಕ್ಯಾಮೆರಾವನ್ನು ಸರ್ವಿಸ್‌ಗೆ ಕೊಡಬೇಕೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಕೊಡಬೇಡಿ. ನಿಮ್ಮ ಕ್ಯಾಮೆರಾ ಚೆನ್ನಾಗಿಯೇ ಇದೆ. ಅದರೊಳಗಿನ ಮೀಟರ್‌ಗೆ ಎಷ್ಟು ಬೆಳಕು ಬರುತ್ತಿದೆ ಎಂಬುದು ಗೊತ್ತಾಗುತ್ತದೆ, ಆದರೆ ಎದುರಿಗಿರುವುದು ಮಂಜೋ ಕಲ್ಲೋ ಗೊತ್ತಾಗುವುದಿಲ್ಲ. ಏನನ್ನು ತೋರಿಸಿದರೂ ಅದು ಕಪ್ಪೂ ಅಲ್ಲದ ಬಿಳಿಯೂ ಅಲ್ಲದ ನಡುವಿನ ಬೂದು ಎಂದುಕೊಂಡೇ ಬಹುಮಟ್ಟಿಗೆ ಲೆಕ್ಕ ಹಾಕುತ್ತದೆ. ಬೆಳ್ಳಗಿನ ಮಂಜು ಕಂಡರೆ ‘ಬೆಳಕು ಜಾಸ್ತಿಯಾಯಿತು’ ಎಂದು ತಗ್ಗಿಸುತ್ತದೆ. ಹೊಯ್ಸಳರ ಬಳಪದ ಕಲ್ಲು ಕಂಡರೆ ‘ಬೆಳಕು ಸಾಲದು’ ಎಂದು ಏರಿಸುತ್ತದೆ. ಹೀಗೆ ಎರಡೂ ಬೂದು ಬಣ್ಣದ ಕಡೆಗೇ ಬಂದು ನಿಲ್ಲುತ್ತವೆ. ಎದುರಿಗೆ ಏನಿದೆ ಎಂದು ಅದಕ್ಕೆ ಹೇಳಬೇಕಾದವರು ನೀವು.

ಹೇಳುವುದು ಕಷ್ಟವೇನಲ್ಲ. ಪೂರ್ತಿ ಆಟೋ ಬಿಟ್ಟು ‘ಎ’ ಮೋಡ್‌ಗೆ ಬನ್ನಿ (ಕ್ಯಾನನ್‌ನಲ್ಲಿ ಅದು ‘ಎವಿ’). ಅದರಲ್ಲಿ ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕೆಂದು ನೀವು ಹೇಳುತ್ತೀರಿ, ಎಷ್ಟು ಹೊತ್ತು ಬೆಳಕು ಬಿಡಬೇಕೆಂದು ಕ್ಯಾಮೆರಾ ಲೆಕ್ಕ ಹಾಕುತ್ತದೆ. ಪ್ಲಸ್-ಮೈನಸ್ ಗುರುತಿರುವ ಬಟನ್ ಹುಡುಕಿ. ಗಿರಿಯ ಮಂಜಿಗೆ +1 ಇಡಿ, ಚೌಕಟ್ಟಿನ ತುಂಬಾ ಬೆಳ್ಳಗೇ ಇದ್ದರೆ +1.7ರವರೆಗೂ ಹೋಗಬಹುದು. ಹೂಮಳೆ ಬಿದ್ದ ಮೇಲೆ ಅರಳುವ ಕಾಫಿ ಹೂವನ್ನು ಹತ್ತಿರದಿಂದ ತೆಗೆಯುವಾಗಲೂ ಇದೇ ಲೆಕ್ಕ. ಆನೆಸಾಲಿಗೆ −0.7 ಅಥವಾ −1 ಸಾಕು. ಇಲ್ಲಿ ಒಂದು ಎಂದರೆ ಒಂದು ಸ್ಟಾಪ್: ಪ್ಲಸ್ ಆದರೆ ಬೆಳಕು ಎರಡು ಪಟ್ಟು, ಮೈನಸ್ ಆದರೆ ಅರ್ಧ.

ಆದರೆ ‘ಹೊಯ್ಸಳರ ಕಲ್ಲು ಎಂದರೆ ಮೈನಸ್’ ಎಂದು ಬಾಯಿಪಾಠ ಮಾಡಿಕೊಳ್ಳಬೇಡಿ. ಬೇಲೂರಿನ ಮದನಿಕೆಯರು ಇರುವುದು ಸೂರಿನ ಕೆಳಗೆ, ನೆರಳಿನಲ್ಲಿ. ಕೆಳಗೆ ನಿಂತು ಕ್ಯಾಮೆರಾ ಎತ್ತಿದರೆ ಹಿಂದಿನಿಂದ ಆಕಾಶ ಇಣುಕುತ್ತದೆ. ಮೀಟರ್ ಆಕಾಶವನ್ನು ನೋಡಿ ಬೆಳಕು ತಗ್ಗಿಸುತ್ತದೆ, ಮದನಿಕೆಯ ಮುಖ ಕಪ್ಪಾಗುತ್ತದೆ. ಅಲ್ಲಿ ಅದೇ ಕಲ್ಲಿಗೆ ಪ್ಲಸ್ ಬೇಕು. ಇನ್ನೂ ಒಳ್ಳೆಯದೆಂದರೆ ಎರಡು ಹೆಜ್ಜೆ ಆಚೀಚೆ ಸರಿದು, ಆಕಾಶದ ಬದಲು ಗೋಡೆ ಹಿಂದೆ ಬರುವ ಹಾಗೆ ನಿಲ್ಲುವುದು. ಚೌಕಟ್ಟಿನಲ್ಲಿ ಹೆಚ್ಚು ಜಾಗ ಹಿಡಿದಿರುವುದು ಯಾವುದು ಎಂದು ಪ್ರತಿ ಸಲ ನೋಡಿಕೊಳ್ಳಿ.

ಬಿಸಿಲಿನಲ್ಲಿ ಪರದೆಯ ಮೇಲೆ ಕಾಣುವ ಫೋಟೋವನ್ನು ನಂಬಬೇಡಿ, ಹಿಸ್ಟೋಗ್ರಾಮ್ ನೋಡಿ. ಫೋಟೋದಲ್ಲಿ ಕಪ್ಪೆಷ್ಟು, ಬಿಳಿಯೆಷ್ಟು ಎಂದು ಗುಡ್ಡದ ಆಕಾರದಲ್ಲಿ ತೋರಿಸುವ ನಕ್ಷೆ ಅದು: ಎಡಗಡೆ ಕಪ್ಪು, ಬಲಗಡೆ ಬಿಳಿ. ಮಂಜಿನ ಗುಡ್ಡ ಬಲಗಡೆ ಇರಬೇಕು, ಬಲ ಅಂಚಿಗೆ ಒತ್ತಿಕೊಂಡಿರಬಾರದು. ಅಂಚು ದಾಟಿದ ಬಿಳಿಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಮರಳಿ ತರುವುದು ಆಗದ ಮಾತು. ಕೆಲಸ ಮುಗಿದ ಮೇಲೆ ಪ್ಲಸ್-ಮೈನಸ್ ಅಂಕಿಯನ್ನು ಸೊನ್ನೆಗೆ ತನ್ನಿ. ಆಫ್ ಮಾಡಿದರೂ ಆ ಅಂಕಿ ಹಾಗೇ ಉಳಿಯುವ ಕ್ಯಾಮೆರಾಗಳೇ ಹೆಚ್ಚು. ಬೆಳಿಗ್ಗೆ ಗಿರಿಯಲ್ಲಿ +1 ಇಟ್ಟು ಮರೆತು, ಮಧ್ಯಾಹ್ನ ಬೇಲೂರಿನಲ್ಲಿ ತೆಗೆದದ್ದನ್ನೆಲ್ಲ ನಾನು ಕಳೆದುಕೊಂಡಿದ್ದೇನೆ.

ಇನ್ನು ಗುಡಿಯೊಳಗಿನ ಕಂಬಗಳು. ಅಂಗಳದ ಬಿಸಿಲಿನಿಂದ ನವರಂಗಕ್ಕೆ ಕಾಲಿಟ್ಟಾಗ ಮೊದಲು ನಮಗೂ ಕತ್ತಲೆ. ಪಾಪೆ ಹಿಗ್ಗಿದ ಮೇಲೆ ಒಂದೊಂದೇ ಕಾಣುತ್ತದೆ. ಲೆನ್ಸಿನ ಪಾಪೆಯೇ ಅಪರ್ಚರ್. ಅದರ ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು. ಲೆನ್ಸಿನ ಫೋಕಲ್ ದೂರವನ್ನು (ನಿಮ್ಮ ಲೆನ್ಸಿನ 18, 55 ಎಂಬ ಮಿಲಿಮೀಟರ್ ಅಂಕಿಗಳು) ಕಿಂಡಿಯ ಅಗಲದಿಂದ ಭಾಗಿಸಿ ಬಂದ ಅಂಕಿ ಅದು, ಹಾಗಾಗಿ ಉಲ್ಟಾ ಕಾಣುತ್ತದೆ. ನಿಮ್ಮ ಲೆನ್ಸ್ 55ಕ್ಕೆ ಜೂಮ್ ಆದಾಗ ಎಫ್ 5.6ಕ್ಕಿಂತ ಅಗಲವಾಗದು, 18ರಲ್ಲಾದರೆ ಸಾಮಾನ್ಯವಾಗಿ ಎಫ್ 3.5ರವರೆಗೆ ತೆರೆಯುತ್ತದೆ. ಆದ್ದರಿಂದ ಒಳಗೆ ಜೂಮ್ ಮಾಡುವ ಬದಲು ಕಂಬದ ಹತ್ತಿರ ಹೋಗಿ.

ಫೋಟೋ ಅಲುಗಿದ್ದು ಶಟರ್, ಅಂದರೆ ಬೆಳಕನ್ನು ಒಳಬಿಟ್ಟು ಮುಚ್ಚುವ ಬಾಗಿಲು, ನಿಧಾನವಾಗಿದ್ದರಿಂದ. ಕ್ಯಾಮೆರಾ ಬೆಳಕಿಗೆ ಎಷ್ಟು ಚುರುಕಾಗಿ ಸ್ಪಂದಿಸಬೇಕು ಎಂಬ ಅಂಕಿ ಐಎಸ್‌ಒ. ಐಎಸ್‌ಒ 200, ಎಫ್ 5.6 ಇಟ್ಟಾಗ ಕ್ಯಾಮೆರಾ 1/15 ಸೆಕೆಂಡ್ ಕೇಳಿತು ಎನ್ನಿ. ಅಷ್ಟು ಹೊತ್ತು ಕೈ ಅಲುಗದೆ ನಿಲ್ಲುವುದು ಕಷ್ಟ. ಐಎಸ್‌ಒ 400 ಮಾಡಿದರೆ 1/30, 800ಕ್ಕೆ 1/60, 1600ಕ್ಕೆ 1/125. ಮೂರು ಸ್ಟಾಪ್ ಏರಿಸಿದಿರಿ, ಕೈ ನಡುಕ ಫೋಟೋದಲ್ಲಿ ಕಾಣದಾಯಿತು. ಐಎಸ್‌ಒ ಏರಿಸಿದರೆ ತರಿತರಿ ಬರುತ್ತದೆಂದು ಹೊಸಬರು ಹೆದರುತ್ತಾರೆ. ತರಿಯಿರುವ ಸ್ಪಷ್ಟ ಫೋಟೋವನ್ನು ಗೋಡೆಗೆ ಹಾಕಬಹುದು, ಅಲುಗಿದ್ದನ್ನು ಏನೂ ಮಾಡಲಾಗದು. ಫ್ಲ್ಯಾಶ್ ಬೇಡವೇ ಬೇಡ: ಕಡೆದು ನುಣುಪು ಮಾಡಿದ ಆ ಕಂಬಗಳ ಮೇಲೆ ಅದು ಬಿಳಿ ಚುಕ್ಕೆಯಾಗಿ ಹೊಳೆಯುತ್ತದೆ, ಕೆತ್ತನೆಗೆ ಜೀವ ಕೊಡುವ ನೆರಳೂ ಹೋಗುತ್ತದೆ. ಟ್ರೈಪಾಡ್ ಬೇಕೆನಿಸಿದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ.

ಪ್ರಶ್ನೆ: ನನ್ನ ಹತ್ತಿರ ಮೊಬೈಲ್ ಮಾತ್ರ ಇದೆ. ಇವೆಲ್ಲ ನನಗೆ ಅನ್ವಯಿಸುತ್ತವೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ಮಂಜು, ಕಲ್ಲಿನ ಮಾತು ಪೂರ್ತಿ ಅನ್ವಯಿಸುತ್ತದೆ. ಬೇಕಾದ ಜಾಗದ ಮೇಲೆ ಬೆರಳಿಟ್ಟರೆ ಹೆಚ್ಚಿನ ಫೋನ್‌ಗಳಲ್ಲಿ ಸೂರ್ಯನ ಗುರುತು ಬರುತ್ತದೆ. ಮಂಜಿಗೆ ಅದನ್ನು ಮೇಲಕ್ಕೆ ಸರಿಸಿ, ಕಪ್ಪು ಕಲ್ಲಿಗೆ ಕೆಳಕ್ಕೆ.