ಓದುಗರ ಪ್ರಶ್ನೆ: ಟುನ್ ಟುನ್ ಹಾಡಿದ್ದು, ನಗಿಸಿದ್ದು

ಪ್ರಶ್ನೆ: ಹಳೆ ಹಿಂದಿ ಸಿನಿಮಾದಾಗ ನಗಸ್ತಿದ್ದ ಟುನ್ ಟುನ್ ಮೊದ್ಲ ಹಾಡಾಕಿ ಆಗಿದ್ರಂತ, ಖರೇನ್ರಿ? ಮತ್ತ ಹಾಡೂದು ಯಾಕ ಬಿಟ್ರು?
– ಓದುಗರು, ವಿಜಯಪುರ

ಖರೆ. ಆಗ ಅವರ ಹೆಸರು ಉಮಾದೇವಿ. 1923ರಲ್ಲಿ ಉತ್ತರ ಪ್ರದೇಶದ ಅಮ್ರೋಹಾ ಕಡೆ ಹುಟ್ಟಿದರು, ಎಳವೆಯಲ್ಲೇ ತಂದೆ-ತಾಯಿ ಇಲ್ಲವಾದರು. ಹಾಡಬೇಕೆಂಬ ಒಂದೇ ಹಟದಿಂದ ಮುಂಬೈಗೆ ಬಂದು ಸಂಗೀತ ನಿರ್ದೇಶಕ ನೌಷಾದರ ಮನೆ ಬಾಗಿಲು ತಟ್ಟಿದರು. 1947ರ ‘ದರ್ದ್’ ಚಿತ್ರದ ‘ಅಫ್ಸಾನಾ ಲಿಖ್ ರಹೀ ಹೂಂ’ ಅವರದೇ ಕಂಠ. ತೆರೆಯ ಮೇಲೆ ತುಟಿ ಆಡಿಸಿದವರು ಮುನವ್ವರ್ ಸುಲ್ತಾನಾ. ಹಾಗಾಗಿ ಹಾಡು ಬಾಯಿಪಾಠ ಇರುವವರಿಗೂ ಹಾಡಿದವರು ಯಾರೆಂಬುದು ಗೊತ್ತಿರುವುದಿಲ್ಲ. ಮರುವರ್ಷ ಮದ್ರಾಸಿನ ಜೆಮಿನಿ ಸ್ಟುಡಿಯೋದವರ ಹಿಂದಿ ‘ಚಂದ್ರಲೇಖಾ’ಕ್ಕೂ ಹಾಡಿದರು.

ಉಮಾದೇವಿಯವರದು ತುಂಬುಗಂಠ, ಮಧ್ಯಸ್ಥಾಯಿಯಲ್ಲಿ ಅರಳುವಂಥದ್ದು. 1949ರ ಸುಮಾರಿಗೆ ಲತಾ ಮಂಗೇಶ್ಕರರ ದನಿ ಎಲ್ಲರನ್ನೂ ಸೆಳೆದ ಮೇಲೆ ಸಂಗೀತ ನಿರ್ದೇಶಕರು ಧಾಟಿಗಳನ್ನೇ ತಾರಕ್ಕೆ, ಅಂದರೆ ಎತ್ತರದ ಸ್ವರಕ್ಕೆ, ಕಟ್ಟತೊಡಗಿದರು. ಉಮಾದೇವಿಯವರಿಗೆ ಹಾಡುಗಳು ಕಡಿಮೆಯಾದವು. ನಮ್ಮ ಬೀಳಗಿಯ ಗಾಯಕಿ ಅಮೀರ್‌ಬಾಯಿ ಕರ್ನಾಟಕಿಯವರಿಗೂ ಹಾಡುವ ಅವಕಾಶ ಕುಗ್ಗಿದ್ದು ಈ ಹೊತ್ತಿನಲ್ಲೇ. ನಟಿಸು ಎಂದು ನೌಷಾದರೇ ಉಮಾದೇವಿಗೆ ಹೇಳಿದರು. ದಿಲೀಪ್ ಕುಮಾರ್ ಜೊತೆಗಾದರೆ ಮಾತ್ರ ಎಂದು ಇವರು ಪಟ್ಟು ಹಿಡಿದರು, 1950ರ ‘ಬಾಬುಲ್’ನಲ್ಲಿ ಅದೂ ಕೂಡಿಬಂತು. ಮುಂದೆ ಗುರುದತ್ತರ ‘ಆರ್ ಪಾರ್’, ‘ಪ್ಯಾಸಾ’ ಸೇರಿ ಸುಮಾರು 200 ಚಿತ್ರಗಳು. 2003ರ ನವೆಂಬರಿನಲ್ಲಿ ತೀರಿಕೊಂಡರು.

ಪ್ರಶ್ನೆ: ಮಹಿಳಾ ಮಂಡಳದ ಗ್ಯಾದರಿಂಗ್‌ಗೆ ಟುನ್ ಟುನ್ ಪಾತ್ರ ಹಾಕೋರಿದ್ದೇವ್ರಿ. ಹೊಟ್ಟಿಗೆ ತಲಿದಿಂಬು ಕಟ್ಟಿದ್ರ ನಡಿತೈತೇನ್ರಿ?
– ಓದುಗರು, ಗುಳೇದಗುಡ್ಡ

ಬೇಡ್ರಿ ಅಕ್ಕಾರ. ದಿಂಬು ಕುಂತಾಗ ಎದೆಗೇರುತ್ತದೆ, ಎದ್ದಾಗ ಜಾರುತ್ತದೆ. ಜನ ಮಾತು ಬಿಟ್ಟು ದಿಂಬನ್ನೇ ನೋಡುತ್ತಾರೆ. ವೇಷಕ್ಕೆ ಬೇಕೇ ಬೇಕೆಂದರೆ ಹಳೆಯ ನೂಲಿನ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಹೊಟ್ಟೆಗಷ್ಟೇ ಅಲ್ಲ, ಪಕ್ಕೆ-ಬೆನ್ನಿಗೂ ಸುತ್ತಿ ಮೇಲೆ ಕೆಳಗೆ ಎರಡು ಕಡೆ ಲಾಡಿ ಬಿಗಿಯಿರಿ.

ಆದರೆ ದಪ್ಪ ಮೈಯನ್ನು ಆಡಿಕೊಳ್ಳುವ ಸಾಲುಗಳು ಬರೆದವರ ಬಡತನ, ಟುನ್ ಟುನ್ ಅವರ ಕಲೆಯಲ್ಲ. ತಾನು ಚೆಲುವೆ ಎಂದು ಪಾತ್ರ ನಿಜವಾಗಿ ನಂಬಿರುತ್ತದೆ, ಆ ನಂಬಿಕೆಯನ್ನು ಅವರು ಒಂದು ಗಳಿಗೆಯೂ ಸಡಿಲಬಿಡುತ್ತಿರಲಿಲ್ಲ. ನೀವೂ ಹಾಗೇ ಮಾಡಿ. ನೀವು ನಕ್ಕರೆ ಕೆಟ್ಟಿತು.

ಮಾತು ಐದಾರು ಶಬ್ದ ಮೀರದಿರಲಿ, ನಗು ತರುವ ಶಬ್ದ ಕೊನೆಗೆ ಬರಲಿ. ಹೇಳಿದ ಮೇಲೆ ಕೈ, ಸೆರಗು, ಕಣ್ಣು ಯಾವುದೂ ಅಲುಗಬಾರದು. ನಗು ಏರಿ ಅರ್ಧ ಇಳಿದಾಗ ಮುಂದಿನ ಮಾತು ಎತ್ತಿಕೊಳ್ಳಿ. ಮೊದಲೇ ಎತ್ತಿದರೆ ಮಾತು ಮುಳುಗುತ್ತದೆ, ಕೇಳಿಸಿಕೊಳ್ಳಲೆಂದು ಜನ ಮುಂದೆ ನಗುವುದನ್ನೇ ಬಿಡುತ್ತಾರೆ. ಪೂರ್ತಿ ಇಳಿಯಲೆಂದು ಕಾದರೆ ಆಟ ತಣ್ಣಗಾಗುತ್ತದೆ. ಮೈಕ್ ಬಾಯಿಂದ ಒಂದು ಗೇಣು ದೂರ ಇರಲಿ, ಕೂಗುವ ಮಾತಿಗೆ ಮುಖ ಪಕ್ಕಕ್ಕೆ ತಿರುಗಿಸಿ, ಇಲ್ಲದಿದ್ದರೆ ದನಿ ಒಡೆಯುತ್ತದೆ.

ತಾಲೀಮಿಗೆ ಕೂರುವ ಮೊದಲು ಆ ‘ದರ್ದ್’ ಹಾಡನ್ನು ಎರಡು ಸಲ ಕೇಳಿ. ಸಾಲಿನ ಕೊನೆಯ ಶಬ್ದವನ್ನು ಅವರು ಎಷ್ಟು ಹೊತ್ತು ಹಿಡಿದು ಬಿಡುತ್ತಾರೆ ನೋಡಿ.